ರಾಶಿ ಮಷೀನಿನ ಬಾಯಿ

ನಾನು ಕೃಷಿ ಎಂಜಿನಿಯರಿಂಗ್ ಓದಿದವಳು. ತವರು ಬೀದರ್ ಜಿಲ್ಲೆಯ ಹಳ್ಳಿ, ಕೊಟ್ಟ ಮನೆ ಮಹಾರಾಷ್ಟ್ರದ ಉಮರ್ಗಾದಲ್ಲಿ. ಉದಗೀರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಅಲ್ಲಿಯೇ ಸಂಶೋಧನೆಗೂ ಸೇರಿಕೊಂಡಾಗ, ವಿಷಯ ಏನೆಂದು ಅತ್ತೆ ಕೇಳಿದರು. ಸೋಯಾಬೀನ್, ಕಡಲೆ, ತೊಗರಿಯನ್ನು ಬಡಿದು ಕಾಳು ಬೇರೆ ಮಾಡುವ ಯಂತ್ರವಿದೆಯಲ್ಲ, ನಮ್ಮ ಕಡೆ ರಾಶಿ ಮಷೀನ್ ಎನ್ನುತ್ತಾರಲ್ಲ, ಅದಕ್ಕೆ ಜನರ ಕೈ ಸಿಗದಂತೆ ಮಾಡುವುದು ಎಂದು ಹೇಳಿದೆ.

"ಕೈ ಹಾಕಬ್ಯಾಡ್ರಿ ಅಂತ ಹೇಳಿದ್ರ ಮುಗೀತಲ್ಲ? ಅದಕ್ಯಾಕ ಪಿಎಚ್‌ಡಿ?" ಎಂದರು.

ಕೈಯನ್ನು ಯಾರೂ ಬೇಕೆಂದು ಹಾಕುವುದಿಲ್ಲ. ಟ್ರ್ಯಾಕ್ಟರಿನ ಬಲದಿಂದ ತಿರುಗುವ ದೊಡ್ಡ ಉರುಳೆ ಒಳಗಿರುತ್ತದೆ. ಎದುರಿನ ತಟ್ಟೆಯ ಮೇಲಿಂದ ಬೆಳೆಯನ್ನು ಒಳಗೆ ತಳ್ಳುತ್ತ ಒಬ್ಬರು ನಿಂತಿರಬೇಕು. ದಂಟೋ ಬಳ್ಳಿಯೋ ಬಳೆಗೆ, ತೋಳಿಗೆ ಸುತ್ತಿಕೊಂಡರೆ ಉರುಳೆ ಎಳೆದುಕೊಳ್ಳುತ್ತದೆ. ಮನುಷ್ಯ ಕೈ ಹಿಂದಕ್ಕೆ ತೆಗೆಯುವುದಕ್ಕಿಂತ ಅದು ಎಳೆಯುವುದು ಬೇಗ. ಯಾರೋ ಕೂಗಿ, ಟ್ರ್ಯಾಕ್ಟರ್ ಬಂದ್ ಮಾಡಿದರೂ ಉರುಳೆ ತನ್ನ ಭಾರಕ್ಕೆ ತಾನು ಇನ್ನಷ್ಟು ಹೊತ್ತು ತಿರುಗುತ್ತದೆ. ಆದ್ದರಿಂದ ಉರುಳೆಯನ್ನು ನಿಲ್ಲಿಸುವ ಯೋಚನೆ ಬಿಟ್ಟು, ಯಂತ್ರದ ಬಾಯಿಗೇ ಬ್ಯಾಟರಿ ಮೋಟರಿನಿಂದ ತಿರುಗುವ ಎರಡು ಸಣ್ಣ ರೋಲರ್ ಕೂಡಿಸಿದೆ. ಬೆಳೆಯನ್ನು ಒಳಗೆ ಒಯ್ಯುವುದು ಅವುಗಳ ಕೆಲಸ. ಅವುಗಳ ಮುಂದೆ ಅಡ್ಡಲಾಗಿ ಒಂದು ಹಳದಿ ಪಟ್ಟಿ. ಕೈಯೋ ಎದೆಯೋ ಆ ಪಟ್ಟಿಯನ್ನು ಒತ್ತಿದರೆ ಸಾಕು, ರೋಲರ್‌ಗಳು ಹಿಮ್ಮುಖವಾಗಿ ತಿರುಗಿ ಬೆಳೆಯನ್ನು ಹೊರಗೆ ನೂಕಬೇಕು.

ಕಾಲೇಜಿನ ಶೆಡ್ಡಿನಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ. ನನ್ನ ಮಾರ್ಗದರ್ಶಕರು ಕಡಿಮೆ ಮಾತಿನ ಮರಾಠಿ ಮನುಷ್ಯ. ಶೆಡ್ಡಿನಲ್ಲಿ ಎಲ್ಲ ಯಂತ್ರಗಳೂ ಜಾಣವಾಗಿಯೇ ಇರುತ್ತವೆ, ಹೊಲಕ್ಕೆ ಒಯ್ಯಿ ಎಂದರು.

ಹಾಗೆ ನಾನು ಔರಾದ ಶಹಾಜನಿಗೆ ಹೋದೆ. ಅಲ್ಲಿ ಊರ ಹೊರಗೆ ಒಂದು ಕನ್ನಡದ ಮನೆತನವಿತ್ತು. ಕರ್ನಾಟಕದ ಕಡೆಯಿಂದ ಹಿಂದಿನ ತಲೆಮಾರಿನಲ್ಲಿ ಬಂದು ನೆಲೆಸಿದವರು. ಗಂಡ ತನ್ನ ಟ್ರ್ಯಾಕ್ಟರಿಗೆ ರಾಶಿ ಮಷೀನ್ ಕಟ್ಟಿಕೊಂಡು ಸುಗ್ಗಿಯಲ್ಲಿ ಹೊಲದಿಂದ ಹೊಲಕ್ಕೆ ಹೋಗುತ್ತಿದ್ದ. ಯಂತ್ರಕ್ಕೆ ಬೆಳೆ ಉಣಿಸುವವಳು ಹೆಂಡತಿ. ಅವನನ್ನು ಅಣ್ಣಾ ಎಂದೆ, ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಎಂದೆ. ಅವರು ನನ್ನನ್ನು 'ಬಾಯಿ' ಎಂದು ಕರೆದರು. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ಕರೆಯುವುದು ಹಾಗೆ. ಸ್ವಲ್ಪ ದಿನದಲ್ಲಿ ಆ ಸುತ್ತಿಗೆಲ್ಲ ನಾನು 'ರಾಶಿ ಮಷೀನಿನ ಬಾಯಿ' ಆದೆ.

ವೈನಿಯ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮೊದಲ ದಿನ ಚಹಾ ಕೊಡುವಾಗ ನಾನು ನೋಡಿದ್ದನ್ನು ಆಕೆ ನೋಡಿದಳು.

"ಕಡ್ಲಿ ರಾಶಿದಾಗ ಹೋದವು, ಬಾಯಿ. ಬಳಿ ಸಿಕ್ತು. ಒಡೀತು ಅಂತ ಇಷ್ಟರೆ ಉಳದದ. ಇಲ್ಲಂದ್ರ ಮೊಣಕೈತನಾ ಹೋಗ್ತಿತ್ತು."

"ಆದ್ರೂ ನೀವೇ ನಿಂದರ್ತೀರಿ. ಹೆದರಿಕಿ ಆಗಂಗಿಲ್ಲ ವೈನಿ?"

"ಆಗ್ತದ. ಖರೇ ಮಷೀನ್ ನಮ್ದು. ಮಂದಿಗಿ ನಿಂದರು ಅಂತ ಹ್ಯಾಂಗ ಹೇಳಲಿ?"

ಅಣ್ಣ ನಡುವೆ ಬಾಯಿ ಹಾಕಿ, "ಹಚ್ಚಿ ನೋಡ್ರಿ ಬಾಯಿ. ನಡದ್ರ ನಡೀತು, ಇಲ್ಲಂದ್ರ ಬಿಚ್ಚೂದು" ಎಂದ. ಅಷ್ಟಕ್ಕೇ ಒಪ್ಪಂದ ಆಯಿತು.

ಆ ವರ್ಷ ಸೋಯಾ ಸುಗ್ಗಿಯ ಆರಂಭದಲ್ಲಿ ಬಿಸಿಲು ಚೆನ್ನಾಗಿತ್ತು. ಬೆಳೆ ಗರಿಗರಿಯಾಗಿ ಒಣಗಿದ್ದರಿಂದ ಹಳದಿ ಪಟ್ಟಿ ತನ್ನ ಪಾಡಿಗೆ ಇತ್ತು, ಕೆಲಸ ಸರಾಗ ಸಾಗಿತು. ನಾನು ಉದಗೀರಿನಿಂದ ಕೆಂಪು ಬಸ್ಸಿಗೆ ಬಂದು, ದಿನವೆಲ್ಲ ಹೊಟ್ಟಿನ ಧೂಳಲ್ಲಿ ನಿಂತು, ಸಂಜೆಗೆ ತುರಿಸುವ ಮೈಯೊಂದಿಗೆ ವಾಪಸು ಹೋಗುತ್ತಿದ್ದೆ. ಖುಷಿಯಲ್ಲಿದ್ದೆ.

ಆಮೇಲೆ ಒಬ್ಬ ಸ್ವಾಮಿಗಳ ಹೊಲದ ಸರದಿ ಬಂತು. ಅವರು ಸುತ್ತಲಿನ ಹಳ್ಳಿಗಳ ಮನೆಗಳಿಗೆ ಪೂಜೆ, ಕಾರ್ಯ ನಡೆಸಿಕೊಡುವ ಅಯ್ಯನವರ ಪೈಕಿ. ಸ್ವಂತ ಹೊಲವನ್ನೂ ಮಾಡುತ್ತಿದ್ದರು. ಸೋಯಾ ಕೊಯ್ದು ಬಣವೆ ಹಾಕಿ, ಮೇಲೆ ತಾಡಪತ್ರಿ ಹೊದೆಸಿದ್ದರು. ಆದರೆ ಹಿಂದಿನ ದಿನದ ಹನಿ ಮಳೆಗೆ ಬಣವೆಯ ತಳ ತೊಯ್ದಿತ್ತು. ನಾವು ಮುಟ್ಟುವ ಹೊತ್ತಿಗೆ ನಿಲಂಗಾದ ದಿಕ್ಕಿನಲ್ಲಿ ಮೋಡ ಕಪ್ಪಗೆ ಕಟ್ಟಿತ್ತು.

ಮೇಲಿನ ಒಣ ಬೆಳೆ ಇರುವತನಕ ಸರಿಯಿತ್ತು. ತಳದ ಹಸಿ ಬೆಳೆ ಬಂದದ್ದೇ ಮುದ್ದೆ ಮುದ್ದೆಯಾಗಿ ಹೋಗಿ ಹಳದಿ ಪಟ್ಟಿಯನ್ನು ಒತ್ತತೊಡಗಿತು. ಪಟ್ಟಿಗೆ ಬೆಳೆ ಯಾವುದು, ಕೈ ಯಾವುದು ಎಂದು ಗೊತ್ತಾಗದು. ರೋಲರ್‌ಗಳು ಹಿಂದಕ್ಕೆ ತಿರುಗಿ ಮುದ್ದೆಯನ್ನು ವೈನಿಯ ಮೈಮೇಲೆ ಉಗುಳಿದವು. ಮತ್ತೆ ತಳ್ಳಿದಳು, ಮತ್ತೆ ಉಗುಳಿದವು. ಬೆಳೆ ಎತ್ತಿಕೊಡುವ ಆಳುಗಳು ನಕ್ಕರು. ಅಣ್ಣ ಮೋಡ ನೋಡಿದ, ನನ್ನನ್ನು ನೋಡಿದ.

ವೈನಿ ರೊಟ್ಟಿ ಕಟ್ಟಿಕೊಂಡು ಬಂದ ಬಟ್ಟೆಯನ್ನು ಬಿಚ್ಚಿ, ಹಳದಿ ಪಟ್ಟಿಯನ್ನು ಹಿಂದಕ್ಕೆ ಜಗ್ಗಿ ಚೌಕಟ್ಟಿಗೆ ಬಿಗಿದು ಕಟ್ಟಿದಳು. ಈಗ ಯಾರು ಒತ್ತಿದರೂ ಅದು ಅಲುಗುವಂತಿರಲಿಲ್ಲ. ಆಕೆ ಎರಡೂ ಕೈಯಿಂದ ಬೆಳೆ ತಳ್ಳತೊಡಗಿದಳು.

ನಾನು ಓಡಿಹೋಗಿ ಟ್ರ್ಯಾಕ್ಟರ್ ಬಂದ್ ಮಾಡಿಸಿದೆ.

"ವೈನಿ, ಏನ್ ಮಾಡ್ಲತ್ತೀರಿ? ಅದನ್ನ ಕಟ್ಟಿದ್ರ ಏನ್ ಉಳೀತು?"

"ಕಾಳು ಉಳೀತದ! ಮಳಿ ಬಂದ್ರ ಇವರ ರಾಶಿ ಯಾರ್ ಕಾಯ್ತಾರ? ನಿಮ್ಮ ಪಟ್ಟಿ ಕಾಯ್ತದೇನು?"

"ಎರಡು ಬೆರಳು ಹೋದದ್ದು ಸಾಲದೇನ್ರಿ?"

ಆ ಮಾತು ನನ್ನ ಬಾಯಿಂದ ಜೋರಾಗಿಯೇ ಬಂತು. ಆಳುಗಳ ನಗು ನಿಂತಿತು. ವೈನಿಯ ಮುಖ ಕೆಂಪಾಯಿತು. "ನನ್ನ ಬೆರಳಿನ ಲೆಕ್ಕ ನಿಮಗ್ಯಾಕ?" ಎಂದಳು.

ತೆಂಗಿನ ಹಗ್ಗ ಹಿಡಿದು ತಾಡಪತ್ರಿಯ ಮೂಲೆ ಕಟ್ಟುತ್ತಿದ್ದ ಸ್ವಾಮಿಗಳು ಎದ್ದು ಬಂದರು. "ಜಗಳ ಆಮ್ಯಾಲ ಮಾಡ್ರೆವ್ವ. ಮೊದಲ ಕಾಳು ಒಳಗ ಹಾಕ್ರಿ" ಎಂದರು. ಅಣ್ಣ ನಟ್ಟು ತಿರುವುವ ಪಾನಾ ತಂದು ನನ್ನ ರೋಲರ್, ಪಟ್ಟಿ, ಮೋಟರ್ ಎಲ್ಲ ಬಿಚ್ಚಿ ಬದುವಿನ ಮೇಲಿಟ್ಟ. ಬರಿ ಯಂತ್ರಕ್ಕೆ ವೈನಿ ಎಂದಿನಂತೆ ಬೆಳೆ ಉಣಿಸಿದಳು. ಕೊನೆಯ ಚೀಲ ಒಳಗೆ ಹೋಗುವಾಗ ಮಳೆ ಸುರಿಯಿತು. ಕೊಟ್ಟಿಗೆಯಲ್ಲಿ ಸ್ವಾಮಿಗಳ ಹೆಂಡತಿ ಎಲ್ಲರಿಗೂ ಚಹಾ ಕೊಟ್ಟರು. ವೈನಿ ನನ್ನ ಕಡೆಗೆ ಬೆನ್ನು ಮಾಡಿ ಕುಡಿದಳು.

ಬಿಚ್ಚಿದ ಸಾಮಾನನ್ನು ಟೆಂಪೋದಲ್ಲಿ ಹಾಕಿಕೊಂಡು ಉದಗೀರಿಗೆ ಬಂದೆ. ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಮಾರ್ಗದರ್ಶಕರಿಗೆ ಎಲ್ಲ ಹೇಳಿದೆ. ಅವರು ಕೇಳಿ, ಕಟ್ಟಿಹಾಕಿದ್ದೂ ಒಂದು ಫಲಿತಾಂಶವೇ, ಪ್ರಬಂಧದಲ್ಲಿ ಹಾಗೇ ಬರೆ, ಆದರೆ ಅಲ್ಲಿಗೇ ಬಿಡಬೇಡ ಎಂದರು.

ಬಿಡಲಿಲ್ಲ. ಪಟ್ಟಿಯನ್ನು ಕಿತ್ತುಹಾಕಿದೆ. ಬೆಳೆಯಲ್ಲಿ ಇರದ, ಕೈಯಲ್ಲಿ ಮಾತ್ರ ಇರುವ ವಸ್ತು ಯಾವುದಾದರೂ ಬೇಕಿತ್ತು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿಯೊಳಗೆ ಸಣ್ಣ ಅಯಸ್ಕಾಂತಗಳನ್ನು ಹೊಲಿಸಿದೆ. ಯಂತ್ರದ ಬಾಯಿಯ ಸುತ್ತ ಅದನ್ನು ಗುರುತಿಸುವ ಸೆನ್ಸರ್ ಕೂಡಿಸಿದೆ. ಹಸಿ ಬೆಳೆ ಎಷ್ಟು ಬಂದರೂ ರೋಲರ್ ತನ್ನ ಕೆಲಸ ಮಾಡುತ್ತದೆ, ಕೈ ಗೆರೆ ದಾಟಿದರೆ ಮಾತ್ರ ಹಿಂದಕ್ಕೆ ತಿರುಗುತ್ತದೆ. ಕಟ್ಟಿಕೊಳ್ಳಲು ಮರೆಯುವವರಿಗಾಗಿ ಇನ್ನೊಂದು ಏರ್ಪಾಡು ಮಾಡಿದೆ. ಕೈಪಟ್ಟಿಗಳನ್ನು ಯಂತ್ರದ ಕೊಕ್ಕೆಯಿಂದ ತೆಗೆಯುವತನಕ ರೋಲರ್ ಚಾಲೂ ಆಗುವುದೇ ಇಲ್ಲ. ಹಸಿ ಹುಲ್ಲು ತಂದು ಶೆಡ್ಡಿನಲ್ಲಿ ತುರುಕಿ ತುರುಕಿ ನೋಡಿದೆ. ಆದರೆ ಹೊಲಕ್ಕೆ ಒಯ್ಯಲು ಯಾರನ್ನು ಕೇಳುವುದು? ಔರಾದಕ್ಕೆ ಫೋನ್ ಮಾಡಲು ಮನಸ್ಸಾಗಲಿಲ್ಲ.

ಕಡಲೆ ಸುಗ್ಗಿಗೆ ಮುಂಚೆ ಫೋನ್ ಅತ್ತಲಿಂದಲೇ ಬಂತು.

"ಬಾಯಿ, ಆರಾಮ ಇದ್ದೀರಿ? ನಿಮ್ಮದು ಆ ಹಳದಿ ಪಟ್ಟಿ ಇನ್ನಾ ಅದ ಏನು?"

"ಅದಿಲ್ಲ ವೈನಿ, ಬ್ಯಾರೆ ಮಾಡೀನಿ. ಯಾಕ್ರಿ?"

"ಮಗನ ಲಗ್ನ ಆಯ್ತು. ಸೊಸಿ ಬಂದಾಳ. ಅಂವಾ ಟ್ರಕ್ ಮ್ಯಾಲ ಹೋಗ್ಯಾನ, ಈಕಿ ಮನ್ಯಾಗ ಕೂಡಲ್ಲ ಅಂತಾಳ. 'ಅತ್ತಿ, ನಿಮ್ಮ ತೋಳು ನೋಯ್ತದ, ಮಷೀನಿಗಿ ನಾ ನಿಂದರ್ತೀನಿ' ಅಂತ ಹಟಾ ಹಿಡದಾಳ."

"ಅವತ್ತ ನೀವೇ ಕಟ್ಟಿ ಹಾಕಿದ್ರಿ" ಎಂದೆ. ಹೇಳದೇ ಇರಲಾಗಲಿಲ್ಲ.

"ಅವತ್ತ ನನ್ನ ಕೈ ಇತ್ತು, ಬಾಯಿ. ನನ್ನ ಕೈದು ನಾ ನೋಡ್ಕೋತೀನಿ. ಇದು ಮಂದಿ ಮಗಳ ಕೈ" ಎಂದಳು.

ಮರುದಿನವೇ ಹೋದೆ.

ಸೊಸೆ ಮಾತಿನ ಮಲ್ಲಿ. ಹನ್ನೆರಡನೆಯ ತರಗತಿ ಓದಿದ್ದಳು. ಸೆನ್ಸರ್ ಎಂದರೇನು, ವೈರ್ ಎಲ್ಲಿಗೆ ಹೋಗುತ್ತದೆ, ಬ್ಯಾಟರಿ ಸತ್ತರೆ ಏನಾಗುತ್ತದೆ ಎಂದು ಒಂದೇ ಉಸಿರಿಗೆ ಕೇಳಿದಳು. ಬ್ಯಾಟರಿ ಸತ್ತರೆ ರೋಲರ್ ನಿಲ್ಲುತ್ತದೆ ಎಂದಾಗ, "ಹಾಂ, ಅದು ಬೇಸ್ ಆಯ್ತು" ಎಂದು ಒಪ್ಪಿಗೆ ಕೊಟ್ಟಳು. ಎರಡೂ ಕೈ ತುಂಬ ಮದುವೆಯ ಹಸಿರು ಗಾಜಿನ ಬಳೆ. ತೆಗೆಯಬೇಕು ಎಂದು ನಾನು ಹೇಳಿದೆ. ಈ ಒಂದು ವಿಷಯಕ್ಕೆ ವೈನಿ ಒಪ್ಪಲಿಲ್ಲ. "ಹೊಸ ಮದಿಮಗಳಿಗಿ ಬಳಿ ತೆಗಿ ಅಂತ ಯಾವ ಬಾಯಿಲೆ ಹೇಳ್ಲಿ?" ಕೊನೆಗೆ ಬಳೆಗಳ ಮುಂದೆ ಕೈಪಟ್ಟಿ ಬಿಗಿದು ಕೆಲಸ ಶುರು ಮಾಡಿದೆವು.

ಮೊದಮೊದಲು ಏನೂ ಆಗಲಿಲ್ಲ. ಅನಾಹುತ ಆದದ್ದು ಒಂದು ದಿನ ಊಟಕ್ಕೆ ಬಿಡುವ ಮುಂಚೆ. ನಾನು ಕಾಳು ಬೀಳುವ ಕಡೆ ನಿಂತು, ಕಾಳು ಒಡೆಯುತ್ತಿದೆಯೇ ಎಂದು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದೆ. ಅಣ್ಣ ಟ್ರ್ಯಾಕ್ಟರಿನ ಮೇಲಿದ್ದ. ವೈನಿ ಬೆಳೆ ಎತ್ತಿ ಕೊಡುತ್ತಿದ್ದಳು. ಆ ಹೊಲದ ಕಡಲೆಯೊಳಗೆ ಯಾವುದೋ ಕಾಡುಬಳ್ಳಿ ಹಬ್ಬಿತ್ತು. ಕಿತ್ತ ಗಿಡಗಳ ಜೊತೆ ಅದೂ ಬಂದಿತ್ತು. ಇದ್ದಕ್ಕಿದ್ದಂತೆ ರೋಲರಿನ ಸದ್ದು ಬದಲಾಯಿತು. ಅದರ ಮೇಲೊಂದು ಚೀತ್ಕಾರ.

ಬಳ್ಳಿ ಬಳೆಗಳೊಳಗೆ ಸಿಕ್ಕು ಕೈಯನ್ನು ಒಳಗೆ ಜಗ್ಗಿತ್ತು. ನಾನು ಈ ಬದಿಗೆ ಓಡಿ ಬರುವಷ್ಟರಲ್ಲಿ ಅದು ಮುಗಿದುಹೋಗಿತ್ತು. ರೋಲರ್‌ಗಳು ಹಿಂದಕ್ಕೆ ತಿರುಗಿ ಗಿಡ, ಬಳ್ಳಿ, ಹಸಿರು ಗಾಜಿನ ಚೂರು ಎಲ್ಲವನ್ನೂ ತಟ್ಟೆಯ ಮೇಲೆ ತಂದು ಹಾಕಿದ್ದವು. ಸೊಸೆ ಕೈಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಳಿತಿದ್ದಳು. ಸೀರೆಗೆ ರಕ್ತ ಹತ್ತಿತ್ತು. ಅಣ್ಣ ಟ್ರ್ಯಾಕ್ಟರ್ ಬಂದ್ ಮಾಡಿದ್ದ. ಆದರೂ ಒಳಗಿನ ಉರುಳೆ ಗರಗರ ತಿರುಗುತ್ತಲೇ ಇತ್ತು.

ವೈನಿ ಸೊಸೆಯ ಕೈಯನ್ನು ಎಳೆದು ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಸೆರಗಿನಿಂದ ರಕ್ತ ಒರೆಸಿ ಒಂದೊಂದೇ ಬೆರಳನ್ನು ಹಿಡಿದು ಮಡಿಸಿ ನೋಡಿದಳು. ಎಲ್ಲ ಇದ್ದವು. ಗಾಜು ತಾಗಿ ಮಣಿಕಟ್ಟು ಸೀಳಿತ್ತು, ಅಷ್ಟೆ.

"ಅತ್ತಿ, ಏನೂ ಆಗಿಲ್ರಿ. ಅಳಬ್ಯಾಡ್ರಿ" ಎಂದಳು ಸೊಸೆ.

ಅಷ್ಟು ಹೇಳಿದ ಮೇಲೆ ವೈನಿ ಜೋರಾಗಿ ಅತ್ತಳು. ನಾನು ಯಂತ್ರದ ಗಾಲಿಗೆ ಆತು ಕುಳಿತೆ. ಇಷ್ಟು ವರ್ಷದ ಓದು, ಶೆಡ್ಡು, ಬಸ್ಸು, ಎಲ್ಲ ಇದಕ್ಕಾಗಿಯೇ ಇತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಗೆದ್ದ ಭಾವನೆ ಬರಲಿಲ್ಲ.

ಅಣ್ಣ ಮೋಟರ್‌ಸೈಕಲ್ ಮೇಲೆ ಸೊಸೆಯನ್ನು ಔರಾದಕ್ಕೆ ಒಯ್ದು ಹೊಲಿಗೆ, ಇಂಜೆಕ್ಷನ್ ಹಾಕಿಸಿಕೊಂಡು ಬಂದ. ಹೊಸ ಮದುಮಗಳ ಬಳೆ ಒಡೆದದ್ದು ಊರಿಗೆಲ್ಲ ಗೊತ್ತಾಗಿ, ನೆರೆಯ ಹೆಂಗಸರು ಅಪಶಕುನದ ಮಾತಾಡಿದರು. ವೈನಿ ಕಟ್ಟೆಯ ಮೇಲೆ ಕುಳಿತೇ ಉತ್ತರ ಕೊಟ್ಟಳು. "ಬಳಿ ಬಜಾರದಾಗ ಸಿಗ್ತಾವ. ಕೈ ಯಾವ ಬಜಾರದಾಗ ತರ್ತೀರಿ, ಹೇಳ್ರಿ?" ರಾಶಿ ಮುಗಿಯುವತನಕ ಮನೆಯಲ್ಲಿ ಯಾರೂ ಗಾಜಿನ ಬಳೆ ಹಾಕಬಾರದು ಎಂದು ತಾನೇ ಕಾಯಿದೆ ಮಾಡಿದಳು. ಆಮೇಲೆ ವಾರದ ಸಂತೆಗೆ ಸೊಸೆಯನ್ನು ಕರೆದುಕೊಂಡು ಹೋಗಿ, ಸುಗ್ಗಿ ಮುಗಿದ ಮೇಲೆ ತೊಡಲು ಡಜನ್‌ಗಟ್ಟಲೆ ಕೊಡಿಸಿಕೊಂಡು ಬಂದಳು.

ಪ್ರಬಂಧ ಮುಗಿಯಿತು, ಪದವಿ ಬಂತು. ಎಲ್ಲ ರಾಶಿ ಮಷೀನುಗಳಿಗೂ ರೋಲರ್ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಉದಗೀರಿನ ಒಬ್ಬ ವೆಲ್ಡಿಂಗ್ ಅಂಗಡಿಯವರು ಕೇಳಿದವರಿಗೆ ಮಾಡಿಕೊಡುತ್ತಾರೆ. ಕೆಲವರು ಹಾಕಿಸಿಕೊಂಡರು, ಕೆಲವರು ಒಂದು ಸುಗ್ಗಿ ನೋಡಿ ಬಿಚ್ಚಿಟ್ಟರು. ಬಯಲಿನ ದೊಡ್ಡ ಹೊಲಗಳಿಗೆ ಈಗ ಕೊಯ್ದು ಬಡಿಯುವ ದೊಡ್ಡ ಯಂತ್ರಗಳೇ ಬರುತ್ತವೆ. ಸಣ್ಣ ಹಿಡುವಳಿಗಳಲ್ಲಿ ಮಾತ್ರ ಹಳೆಯ ಮಷೀನು ಉಳಿದಿದೆ. ನನಗೆ ದೊಡ್ಡ ಸಹಾಯ ಸಿಕ್ಕಿದ್ದು ಆ ಸ್ವಾಮಿಗಳಿಂದ. ಪೂಜೆಗೆ ಹೋದ ಮನೆಯಲ್ಲೆಲ್ಲ ಅವರು, "ಕೈಪಟ್ಟಿ ಇಲ್ಲದ ಮಷೀನ್ ಹೊಲದಾಗ ತರಬ್ಯಾಡ್ರಿ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಹೇಳುತ್ತ ಬಂದರು. ನಾನು ಹಂಚಿದ ಕರಪತ್ರಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಹೋದ ಬೇಸಿಗೆಯಲ್ಲಿ ಔರಾದಕ್ಕೆ ಹೋಗಿದ್ದೆ. ಸೊಸೆ ಟ್ರ್ಯಾಕ್ಟರ್ ಹೊಡೆಯಲು ಕಲಿತಿದ್ದಳು. ಅಣ್ಣ ಪಕ್ಕದ ಮಡ್‌ಗಾರ್ಡ್ ಮೇಲೆ ಕುಳಿತು ಸುಮ್ಮನೆ ಹೆದರುತ್ತಿದ್ದ. ವೈನಿ ನನ್ನನ್ನು ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ದನಗಳಿಗೆ ಜೋಳದ ದಂಟು ಕತ್ತರಿಸುವ ಯಂತ್ರವಿತ್ತು.

"ಈ ಕುಟ್ಟಿ ಮಷೀನಿಗೂ ಏನರೆ ಮಾಡ್ರಿ ಬಾಯಿ. ನೋಡ್ರಿ, ಕತ್ತಿ ಹ್ಯಾಂಗ ತೆರದದ."

ನಾನು ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಬೆಳೆ ಒಯ್ಯುವ ಹಲ್ಲುಗಾಲಿ ಸವೆದಿತ್ತು, ಕತ್ತಿಗೆ ಮುಚ್ಚಳವೇ ಇರಲಿಲ್ಲ. ಇದರಲ್ಲಿ ತಿರುಗುವ ಭಾರ ಕಡಿಮೆ. ನಿಲ್ಲಿಸುವುದು ಸುಲಭವಾಗಬಹುದು.

"ಒಂದು ದಂಟು ಹಾಕ್ರಿ ವೈನಿ, ನಡಿಸಿ ತೋರಸ್ರಿ" ಎಂದೆ. ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು, ಸ್ವಿಚ್ಚು ಹಾಕಲು ಸೊಸೆಯನ್ನು ಕೂಗಿದಳು.