ಎಡಗಾಲಿಗೆ ಸಿಕ್ಕ ರಜೆ

ನಮ್ಮವರೇ, ಇವತ್ತು ಬೆಳಿಗ್ಗೆ ಸಂಡೂರು ದಾರಿಯ ಏರಿನಲ್ಲಿ ಹಿಂದೆ ಕೂತಿದ್ದ ನನ್ನ ಹೆಂಡತಿಯ ಕನ್ನಡಕ ಮುಂದಿನ ಸೀಟಿಗೆ ಹಾರಿ ಬಂತು. ತಪ್ಪು ನನ್ನದೇ. ಎಡ ಮಂಡಿಯ ಆಪರೇಷನ್ ಆದ ಮೇಲೆ ಕ್ಲಚ್ ಒತ್ತಲಾಗದೆ, ನನ್ನ ಡ್ರೈವಿಂಗ್ ಮುಗಿಯಿತು ಅಂದುಕೊಂಡಿದ್ದೆ. ತಂಗಿಯ ಮಗಳು ಶೈಲಾ ತನ್ನ ಹೊಸ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರಿನಲ್ಲಿ ನನ್ನನ್ನೇ ಸ್ಟೇರಿಂಗ್ ಮುಂದೆ ಕೂರಿಸಿದಳು. ಆದರೆ ಮೂವತ್ತು ವರ್ಷ ಅದಿರು ಲಾರಿ ಓಡಿಸಿದ ಕಾಲು ಕೇಳಬೇಕಲ್ಲ? ತಿರುವು ಬಂದದ್ದೇ ತಡ, ಕ್ಲಚ್ ಅಂದುಕೊಂಡು ಬ್ರೇಕನ್ನೇ ತುಳಿಯಿತು.

“ಮಾಮಾ, ಎಡಗಾಲು ಹಿಂದಕ್ಕ ಇಟ್ಕೊಳ್ರಿ! ಅದಕ್ಕಿಲ್ಲಿ ಏನೂ ಕೆಲಸಿಲ್ಲ.”

“ಗೇರು ಹಾಕಲಿಲ್ಲಂದ್ರ ಅದೆಂಥಾ ಓಡ್ಸೋದವ್ವಾ? ಸುಮ್ನ ಕುಂತು ಹೋದಂಗ.”

ಅವಳು ಸ್ಟೇರಿಂಗ್ ಹಿಂದೆ ಗೇರು ಬದಲಿಸಲು ಇದ್ದ ಎರಡು ಪುಟ್ಟ ಪಟ್ಟಿ ತೋರಿಸಿದಳು. “ಎಡಗಡೀದು ಬೆರಳಿಲೆ ಎಳೀರಿ. ಗೇರು ನೀವು ಬದಲಿಸ್ರಿ, ಕ್ಲಚ್ಚು ಗಾಡಿ ನೋಡ್ಕೊಂತದ.”

ಎಳೆದೆ. ಗೇರು ಇಳಿಯಿತು, ಇಂಜಿನ್ ಗುಡುಗಿತು, ಕಾರು ಆ ಏರನ್ನು ಒಂದೇ ಉಸಿರಿಗೆ ಹತ್ತಿತು. “ಮಸ್ತ್!” ಎಂದು ಕೂಗಿದವನು ನಾನೇ. ಮಂಡಿ ಚೂರೂ ನೋಯಲಿಲ್ಲ.

“ನಾಳೆ ಹಂಪಿಗೂ ನಾನೇ ಓಡ್ಸೋನು,” ಅಂದೆ.

“ಭಾಳ ಚಲೋ. ನಾನು ಬಸ್ಸಿಗೆ ಬರ್ತೀನಿ,” ಅಂದಳು ಹೆಂಡತಿ.

ಹಿಂದಿನ ಸೀಟು ಖಾಲಿ ಇದೆ. ಬರುವವರು ಹೇಳಿ.