ಕೆನಾಲಿನ ಮೇಲೆ ಹಾಕಿದ ತಪ್ಪು

1998ನೇ ಇಸವಿ. ನನ್ನ ಮದುವೆಯಾಗಿ ಐದು ತಿಂಗಳಾಗಿತ್ತು. ಶಹಾಪುರ ತಾಲೂಕಿನ ಸಗರದ ಹತ್ತಿರ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ನನ್ನದು. ಆಗ ನಮ್ಮ ಕಡೆ ಮೈಗೆ ಏನೇ ಆದರೂ ತಪ್ಪು ಕೆನಾಲಿನದೇ. ಜ್ವರ ಬಂದರೆ ಕೆನಾಲು, ಮೊಣಕಾಲು ನೋವಾದರೆ ಕೆನಾಲು. ಅದರ ನೀರಿಗೆ ಬೆಳೆದ ನೆಲ್ಲು ಮಾತ್ರ ಎಲ್ಲರಿಗೂ ಬೇಕು!

ಒಂದು ದಿನ ನನ್ನ ಹೆಂಡತಿ ಮಹಾದೇವಿಗೆ ಜ್ವರ ಬಂತು. ಗುಪ್ತಾಂಗದಲ್ಲಿ ನೀರುಗುಳ್ಳೆಗಳೆದ್ದು, ಒಡೆದು ಹುಣ್ಣಾದವು. ಮೂತ್ರಕ್ಕೆ ಹೋದರೆ ಉರಿ ತಾಳದೆ ಅಳುತ್ತಿದ್ದಳು. “ಕೆನಾಲಿನ್ಯಾಗ ಅರಿಬಿ ಒಗ್ಯಾಕ ಹೋಗ್ತಿದ್ದೆಲ್ಲ, ಆ ನೀರಿಂದನ ಆಗ್ಯಾದ” ಎಂದೆ.

ಹೇಳುವಾಗಲೇ ನನಗೆ ಬೇರೆ ಅನುಮಾನವಿತ್ತು. ಮದುವೆಗೆ ಎರಡು ವರ್ಷ ಮೊದಲು ಅಂಥವೇ ಗುಳ್ಳೆಗಳು ನನಗೂ ಎದ್ದಿದ್ದವು. ನಾರಾಯಣಪುರದ ಕಡೆ ಕೆಲಸಕ್ಕಿದ್ದಾಗ ಒಬ್ಬಳ ಸಂಗ ಮಾಡಿದ್ದೆ. ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದೆ, ಹದಿನೈದು ದಿನಕ್ಕೆ ಮಾಯ್ದವು. ಹುಣ್ಣು ಹೋದ ಮೇಲೆ ರೋಗವೂ ಹೋಯಿತು ಎಂದೇ ತಿಳಿದಿದ್ದೆ.

ಅವ್ವ ಕೆನಾಲಿನ ಮಾತು ನಂಬಲಿಲ್ಲ. “ಊರಾಗಿನ ಹೆಣ್ಮಕ್ಕಳೆಲ್ಲಾ ಅಲ್ಲೇ ಒಗೀತಾರ, ಅವರಿಗ್ಯಾಕ ಆಗಿಲ್ಲ? ಇಕಿ ತವರಿಂದನ ತಂದಾಳ” ಎಂದಳು. ಮಗಳನ್ನು ಕರೆದುಕೊಂಡು ಹೋಗಿ ಎಂದು ಕೊಂಕಲ್‌ನಲ್ಲಿದ್ದ ನಮ್ಮ ಮಾವನಿಗೆ ಹೇಳಿಕಳಿಸಿದಳು. ಮಹಾದೇವಿ ನನ್ನ ಮುಖ ನೋಡಿದಳು. ನಾನು ಗೇಟಿನ ಕೆಲಸವಿದೆ ಎಂದು ಎದ್ದು ಹೋದೆ. ನನ್ನಂಥ ಹೇಡಿ ಇನ್ನೊಬ್ಬ ಇರಲಿಕ್ಕಿಲ್ಲ.

ನಾಲ್ಕನೇ ದಿನ ಅವಳಿಗೆ ಮೂತ್ರವೇ ಕಟ್ಟಿತು. ಹೆದರಿ ಶಹಾಪುರದ ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ನಳಿಗೆ ಹಾಕಿ ಕಟ್ಟಿದ ಮೂತ್ರ ತೆಗೆಸಿ, ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು.

“ಕೆನಾಲ್ ನೀರಿಂದ ಆಗ್ಯಾದ್ರಿ ಮೇಡಂ. ನಾನೂ ಅಲ್ಲೇ ಕೆಲಸ ಮಾಡ್ತೀನಿ” ಎಂದೆ.

“ನೀವೂ ದಿನಾ ಅದೇ ನೀರಿನ್ಯಾಗ ಇಳೀತೀರಲ್ಲ, ನೀರಿಂದ ಬರಂಗಿದ್ರ ಊರಿಗೆಲ್ಲಾ ಬರಬೇಕಿತ್ತು. ಇದು ಹರ್ಪಿಸ್. ಗಂಡ ಹೆಂಡತಿ ಕೂಡಿದಾಗ ಮೈಯಿಂದ ಮೈಗೆ ಅಂಟ್ತದ. ನಿಮಗ ಯಾವಾಗರ ಆಗಿತ್ತೇನು?”

ನೆಲ ನೋಡುತ್ತ ಹೌದೆಂದೆ. “ಆದ್ರ ಮದುವಿ ಆದಾಗಿಂದ ಒಂದು ಗುಳ್ಳಿ ಸೈತ ಎದ್ದಿಲ್ರಿ.”

“ಹುಣ್ಣು ಮಾಯ್ತದ, ರೋಗ ನರದಾಗ ಮಲಗಿರ್ತದ. ಗುಳ್ಳಿ ಕಾಣದಿದ್ದಾಗೂ ಒಮ್ಮೊಮ್ಮೆ ಅಂಟ್ತದ. ಗುಳ್ಳಿ ಎದ್ದಾಗ, ಏಳೂಕಿಂತ ಮೊದಲು ಜುಮುಜುಮು ಅಂದಾಗ ಕೂಡಬ್ಯಾಡ್ರಿ. ಉಳಿದ ದಿನ ನಿರೋಧ ಬಳಸಿದ್ರ ಅಪಾಯ ಕಡಿಮಿ ಆಗ್ತದ, ಪೂರಾ ಹೋಗಂಗಿಲ್ಲ. ಗುಳಿಗಿ ಕೊಡ್ತೀನಿ, ಹೆದರಬ್ಯಾಡ್ರಿ. ಬಸಿರಾದ್ರ ಮಾತ್ರ ಡಾಕ್ಟರ್ ಮುಂದ ಮುಚ್ಚಿಡಬ್ಯಾಡ್ರಿ” ಎಂದರು.

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಮಹಾದೇವಿಯ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಈಗ ಸುಮ್ಮನಿದ್ದರೆ ಅವಳು ಕಳಂಕ ಹೊತ್ತು ಹೋಗುತ್ತಾಳೆ, ಮತ್ತೆ ಬರುವುದಿಲ್ಲ ಎಂದು ಗೊತ್ತಾಯಿತು.

“ಅವ್ವಾ, ಈ ಜಡ್ಡು ನನ್ನಿಂದ ಬಂದದ. ಮದುವಿಗಿಂತ ಮೊದಲೇ ನನಗಿತ್ತು. ಅಕಿದೇನೂ ತಪ್ಪಿಲ್ಲ” ಎಂದೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಮಗಳ ಕಡೆ ತಿರುಗಿ, “ನೀ ಏನಂತಿ? ಬರ್ತಿಯೋ, ಇರ್ತಿಯೋ?” ಎಂದು ಕೇಳಿದರು.

ಅವಳು ಬಾಗಿಲ ಹತ್ತಿರದ ಗಂಟನ್ನು ಎತ್ತಿಕೊಂಡಳು. “ಇರ್ತೀನಿ ಅಪ್ಪಾ” ಎಂದಳು. ಆಮೇಲೆ ನನ್ನ ಕಡೆ ನೋಡಿ, “ಜಡ್ಡು ಯಾರಿಗರ ಬರ್ತದ. ನಾಕು ದಿನ ನಿಮಗ ಬಾಯಿ ಇರಲಿಲ್ಲೇನು?” ಎಂದಳು.

ನಮಗೆ ಇಬ್ಬರು ಮಕ್ಕಳಾದರು. ಎರಡು ಸಲವೂ ಡಾಕ್ಟರಿಗೆ ಮೊದಲೇ ಎಲ್ಲ ಹೇಳಿದ್ದೆವು, ಮಕ್ಕಳು ಆರೋಗ್ಯವಾಗಿದ್ದಾರೆ. ಗುಳ್ಳೆಗಳು ಈಗಲೂ ಅಪರೂಪಕ್ಕೊಮ್ಮೆ ಏಳುತ್ತವೆ, ಎದ್ದ ದಿನವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ನಾನು ಬಾಯಿ ಮುಚ್ಚಿಕೊಂಡಿದ್ದ ಆ ನಾಲ್ಕು ದಿನದ ಮಾತನ್ನು ಮಹಾದೇವಿ ಮತ್ತೆಂದೂ ಎತ್ತಿ ಆಡಿಲ್ಲ. ನಾನು ಮಾತ್ರ ಅವನ್ನು ಮರೆತಿಲ್ಲ.