ನಡುಹಾಡಿನ ಆಯೇರಿ

ಕೊಟ್ರಮ್ಮನ ಅಂಗಡಿಯಲ್ಲಿ ಹಾಡು ಮುಗಿಯುವವರೆಗೆ ಕತ್ತರಿ ಆಡುತ್ತಿರಲಿಲ್ಲ. ಜಂಪರ್ ಪೀಸನ್ನು ಅಳೆದು, ಉಗುರಿನಿಂದ ಗುರುತು ಗೀರಿ, ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗೆ ಇಟ್ಟು ಹಾಗೇ ನಿಂತುಬಿಡುತ್ತಿದ್ದಳು. ಎದುರಿಗೆ ನಿಂತವರಿಗೆ ಬಸ್ಸು ತಪ್ಪಿದರೂ ಅಷ್ಟೆ, ಮುಹೂರ್ತ ಮೀರಿದರೂ ಅಷ್ಟೆ. ಗಲ್ಲೆಯ ಪಕ್ಕದ ಪುಟ್ಟ ಸ್ಪೀಕರಿನಲ್ಲಿ ಯಾರೋ ಹೆಸರು ಕೇಳದ ಹುಡುಗ ಗಿಟಾರು ಮೀಟುತ್ತ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿರುತ್ತಿದ್ದ. ಅವನು ಮುಗಿಸಿದ ಮೇಲೆಯೇ ಬಟ್ಟೆ ಕರ್ರೆಂದು ಎರಡಾಗುತ್ತಿತ್ತು.

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವಳದು ಮ್ಯಾಚಿಂಗ್ ಸೆಂಟರ್. ಸೀರೆ ತಂದು ತೋರಿಸಿದರೆ ಅದಕ್ಕೊಪ್ಪುವ ಜಂಪರ್ ಪೀಸು, ಫಾಲ್ಸು, ದಾರ ಎಲ್ಲ ಅಲ್ಲೇ ಸಿಗುತ್ತಿತ್ತು. ನಾನು ಹರಪನಹಳ್ಳಿಯವಳು, ಕೊಟ್ಟೂರಿನ ಹೈಸ್ಕೂಲಿಗೆ ವರ್ಗವಾಗಿ ಬಂದ ಹೊಸತು. ಹಡಗಲಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟವಳು, ಹಸಿರು ಸೀರೆಯೊಂದನ್ನು ಹಿಡಿದು ಅವಳೆದುರು ನಿಂತಿದ್ದೆ. ಕತ್ತರಿ ಬಾಯಿ ತೆರೆದುಕೊಂಡು ನಿಂತಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

“ಕತ್ತರಿಸ್ರಮ್ಮ, ಹಾಡು ಎಲ್ಲಿಗೆ ಓಡಿ ಹೋಗುತ್ತೆ?” ಎಂದೆ.

ಅವಳು ಹಾಡು ಮುಗಿಯುವ ತನಕ ಉತ್ತರವನ್ನೂ ಕೊಡಲಿಲ್ಲ. ಆಮೇಲೆ ನಿಧಾನವಾಗಿ, “ಓಡಿ ಹೋಗಂಗಿಲ್ರೀ ಟೀಚರ. ಹಾಡೋರ ಮುಂದ ಅರಿವಿ ಹರಿಬಾರದು. ಅವಮಾನ ಆಕೈತಿ” ಎಂದಳು.

“ಅವನಿಗೇನು ಕೇಳಿಸುತ್ತಾ?”

“ನನಗ ಕೇಳಸ್ತೈತಲ್ರಿ.”

ಬಸ್ಸು ತಪ್ಪಿತು. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಹಡಗಲಿಗೆ ಹೋದೆ. ತೊಟ್ಟಿಲು ತೂಗುವಾಗ ನನ್ನ ಬಾಯಲ್ಲಿ ಬಂದದ್ದು ಮಾತ್ರ ಆ ಹೆಸರಿಲ್ಲದ ಹುಡುಗನ ಧಾಟಿ. ಮರುವಾರ ಬೇಡದ ಫಾಲ್ಸೊಂದನ್ನು ಕೊಳ್ಳುವ ನೆಪ ಮಾಡಿಕೊಂಡು ಅವಳ ಅಂಗಡಿಯ ಮೆಟ್ಟಿಲು ಹತ್ತಿದೆ. ಅಲ್ಲಿಂದ ಮುಂದೆ ನೆಪ ಬೇಕಾಗಲಿಲ್ಲ.

ಸಿನಿಮಾದ ಹಂಗಿಲ್ಲದೆ ತಾವೇ ಬರೆದು, ತಾವೇ ಹಾಡಿ, ತಾವೇ ಜನರ ಮುಂದಿಡುವ ಈ ಹಾಡುಗಳಿಗೆ ಪಟ್ಟಣದ ಹುಡುಗರು ಇಂಡೀ ಮ್ಯೂಸಿಕ್ ಎನ್ನುತ್ತಾರೆ. ಕೊಟ್ರಮ್ಮ ‘ಸ್ವಂತ ಹಾಡಿನ ಮಂದಿ’ ಎನ್ನುತ್ತಿದ್ದಳು. ಒಂದು ಆಲ್ಬಮ್ ಮುಗಿದರೆ ಫೋನು ತಾನಾಗಿಯೇ ಇನ್ನೊಂದನ್ನು ತಂದು ಕೊಡುವುದು ಅವಳಿಗೆ ಬಹಳ ಹಿಡಿಸಿತ್ತು. ಹೊಸ ಹೆಸರು ಬಂದರೆ ಮೊದಲು ಕೆಳಗೆ ಎಷ್ಟು ಜನ ಕೇಳಿದ್ದಾರೆಂದು ನೋಡುತ್ತಿದ್ದಳು. ಸಂಖ್ಯೆ ದೊಡ್ಡದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು, ಚಿಕ್ಕದಿದ್ದರೆ ಕೂತುಬಿಡುತ್ತಿದ್ದಳು. “ಅವ್ರಿಗೆ ಲಕ್ಷ ಮಂದಿ ಅದಾರ. ಇವ್ನಿಗೆ ಯಾರು ಅದಾರ ಪಾಪ?” ಅನ್ನುವುದು ಅವಳ ನ್ಯಾಯ.

ಆಲ್ಬಮನ್ನು ನಡುವೆ ಹಾರಿಸಿ ಕೇಳುವುದು ಅವಳ ಪ್ರಕಾರ ಮಹಾಪರಾಧ. ನಾನೊಮ್ಮೆ ಫೋನಿಗೆ ಕೈ ಹಾಕಿ ಮುಂದಿನ ಹಾಡಿಗೆ ಹೋದಾಗ ಕೈಯ ಮೇಲೆ ಗಜಕಡ್ಡಿಯಿಂದ ಮೆಲ್ಲಗೆ ಹೊಡೆದಿದ್ದಳು. “ಆಲ್ಬಮ್ ಅಂದ್ರ ಒಂದು ಮನಿ ಇದ್ದಂಗ್ರಿ. ಪಡಸಾಲ್ಯಾಗ ಕುಂತು ಚಾ ಕುಡುದು ಬಂದ್ರ ಮನಿ ನೋಡಿದಂಗಾತೇನು? ಅಡಗಿಮನಿ ತನಕ ಹೋಗಬೇಕು. ಛಲೋ ಹಾಡು ಅಲ್ಲೇ ಇರತೈತಿ.” ಭಾಷೆಯ ಗೊಡವೆ ಅವಳಿಗಿರಲಿಲ್ಲ. ಒಂದು ಮಲಯಾಳಂ ಆಲ್ಬಮನ್ನು ತಿಂಗಳುಗಟ್ಟಲೆ ರಾಯದುರ್ಗದ ಕಡೆಯ ತೆಲುಗು ಎಂದೇ ನಂಬಿದ್ದಳು. ತೆಲುಗು ಬಲ್ಲ ಗಿರಾಕಿಯೊಬ್ಬರು ಇದು ತೆಲುಗೇ ಅಲ್ಲ ಎಂದರೆ, “ನಿಮ್ಮ ತೆಲುಗು ಬ್ಯಾರೆ ಇರಬೇಕು ಬಿಡ್ರಿ” ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸಿದಳು.

ಪ್ರತಿ ದನಿಗೂ ಒಂದು ಬಣ್ಣ ಹೇಳುತ್ತಿದ್ದಳು. ಇವನದು ಇಟ್ಟಿಗೆ ಬಣ್ಣ, ಇವಳದು ಹೆಸರುಕಾಳಿನ ಹಸಿರು, ಈ ತಂಡಕ್ಕೆ ಯಾವ ಬಣ್ಣವೂ ಕೂಡುವುದಿಲ್ಲ, ಇನ್ನೂ ನೆನೆಯಬೇಕು. ನಾನು ನಗುತ್ತಿದ್ದೆ. ಆದರೆ ಅವಳು ಹೇಳಿದ ಮೇಲೆ ಆ ದನಿ ನನಗೂ ಬೇರೆ ಬಣ್ಣದಲ್ಲಿ ಕೇಳಿಸುತ್ತಿರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳಿಗೆ ಕಾಲು ಬಂತು. ಸ್ವಂತ ಹಾಡಿನ ಮಂದಿ ಎಲ್ಲೆಲ್ಲಿ ಹಾಡುತ್ತಾರೆಂದು ಫೋನಿನಲ್ಲಿ ಹುಡುಕಿ, ಗಂಡ ವೀರೇಶನ ಕೈಗೆ ಕತ್ತರಿ ಕೊಟ್ಟು, ನನ್ನನ್ನು ಎಳೆದುಕೊಂಡು ಹೊರಟಳು. ಮೊದಲು ಹೋದದ್ದು ದಾವಣಗೆರೆಗೆ. ಕಾಫಿ ಅಂಗಡಿಯೊಂದರ ಮಹಡಿಯ ಮೇಲೆ, ಮಂಡಿ ಹರಿದ ಪ್ಯಾಂಟಿನ ಹುಡುಗ ಹುಡುಗಿಯರು ನೆಲದ ಮೇಲೆ ಕೂತಿದ್ದರು. ಕೊಟ್ರಮ್ಮ ಮದುವೆಗೆ ಬಂದವಳಂತೆ ರೇಷ್ಮೆ ಸೀರೆಯುಟ್ಟು, ಕನಕಾಂಬರ ಮುಡಿದು, ನಡುವೆ ಪದ್ಮಾಸನ ಹಾಕಿದಳು. ಅಂಗಡಿಯ ಸ್ಪೀಕರಿನಲ್ಲಿ ನನ್ನ ಬಸ್ಸು ತಪ್ಪಿಸಿದ ಆ ಹುಡುಗನೇ ಎದುರಿಗೆ ನಿಂತು ಹಾಡತೊಡಗಿದ. ಹಾಡು ಅರ್ಧಕ್ಕೆ ಬಂದಿರಬೇಕು. ಕೊಟ್ರಮ್ಮ ಎದ್ದಳು. ನೀರಿಗೆ ಎದ್ದಳೇನೋ ಅಂದುಕೊಂಡೆ. ಸೀದಾ ಹೋಗಿ ಹುಡುಗನ ಮುಂದಿನ ಮೈಕು ತನ್ನ ಕಡೆ ತಿರುಗಿಸಿಕೊಂಡಳು.

“ಕೊಟ್ಟೂರು ಮ್ಯಾಚಿಂಗ್ ಸೆಂಟರ್ ಕೊಟ್ರಮ್ಮ ಇವರು, ಈ ಕಲಾವಿದರ ಹಾಡಿಗೆ ಮೆಚ್ಚಿ, ಒಂದು ಜಂಪರ್ ಪೀಸು ಆಯೇರಿ ಮಾಡ್ಯಾರ. ಅವರಿಗೆ ಮಂಡಳಿ ಕಡಿಂದ ಅನಂತ ವಂದನೆಗಳು.”

ನಮ್ಮ ಕಡೆಯ ದೊಡ್ಡಾಟದಲ್ಲಿ ಇದು ರೂಢಿ. ಯಾರಿಗಾದರೂ ಎದೆ ತುಂಬಿತೆಂದರೆ ಆಟದ ನಡುವೆಯೇ ಟವೆಲ್ಲೋ ಪಂಚೆಯೋ ಆಯೇರಿಯಾಗಿ ರಂಗದ ಮೇಲಕ್ಕೆ ಹೋಗುತ್ತದೆ. ಯುದ್ಧಕ್ಕೆ ಹೊರಟ ರಾಜನೂ ನಿಂತು, ಕೊಟ್ಟವರ ಹೆಸರು ಕೂಗಿದ ಮೇಲೆ ಕೈ ಮುಗಿದು, ಮತ್ತೆ ಯುದ್ಧಕ್ಕೆ ಹೋಗುತ್ತಾನೆ. ಹೊಸಹಳ್ಳಿ ಕಡೆಯ ಆಟಗಳಲ್ಲಿ ಆಯೇರಿ ಕೂಗುತ್ತಿದ್ದವನು ಕೊಟ್ರಮ್ಮನ ಅಪ್ಪ. ಆ ಗಂಟಲೇ ಅವಳಿಗೂ ಬಂದಿತ್ತು. ದಾವಣಗೆರೆಯ ಆ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ಬೆಪ್ಪಾಗಿ ನಿಂತ. ನೆಲ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಆಮೇಲೆ ಅವನೇ ನಕ್ಕು, ಜಂಪರ್ ಪೀಸನ್ನು ಹೆಗಲಿಗೆ ಹಾಕಿಕೊಂಡು, ಹಾಡನ್ನು ಮೊದಲಿನಿಂದ ಹಾಡಿದ. ಹುಡುಗರು ಸಿಳ್ಳೆ ಹೊಡೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಹಿಡಿದುಕೊಂಡೆ. “ಅಂಗಡೀಲಿ ಕತ್ತರಿ ಸಪ್ಪಳ ಆಗಬಾರದು ಅಂತೀರಿ. ಇಲ್ಲಿ ಹಾಡನ್ನೇ ನಿಲ್ಲಿಸಿದ್ರಲ್ಲ?”

“ಸ್ಪೀಕರ್‌ನ್ಯಾಗ ಹಾಡೋನಿಗೆ ನಾವು ಕಾಣಂಗಿಲ್ಲ, ಅದಕ್ಕ ಸುಮ್ನಿರಬೇಕು. ಎದುರಿಗೆ ನಿಂತು ಹಾಡೋನಿಗೆ ನಾವು ಅದೀವಿ ಅಂತ ಗೊತ್ತಾಗೋದು ಬ್ಯಾಡೇನ್ರಿ?”

“ಮುಗಿದ ಮೇಲೆ ಕೊಡಬಹುದಿತ್ತು.”

“ಉಂಡು ಕೈ ತೊಳಕಂಡ ಮ್ಯಾಲೆ ಯಾರರ ತುಪ್ಪ ಬಡಸ್ತಾರೇನು?”

“ಗಂಡು ಹುಡುಗನಿಗೆ ಜಂಪರ್ ಪೀಸಾ?”

“ಅವ್ನಿಗೆ ತಾಯಿ ಇರಂಗಿಲ್ಲೇನ್ರಿ?” ಎಂದವಳೇ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು.

ಅಲ್ಲಿಂದ ಮುಂದೆ ಹೊಸಪೇಟೆ, ಹುಬ್ಬಳ್ಳಿ ಎಂದು ಎಲ್ಲಿ ಹೋದರೂ ಅವಳ ಚೀಲದಲ್ಲಿ ಒಂದು ಜಂಪರ್ ಪೀಸು ಇರುತ್ತಿತ್ತು, ಆ ದನಿಯ ಬಣ್ಣದ್ದು. ಎಲ್ಲ ತಂಡಗಳಿಗಿಂತ ಅವಳ ಜೀವ ಇದ್ದದ್ದು ಹುಬ್ಬಳ್ಳಿ ಕಡೆಯ ಮೂವರ ಮೇಲೆ. ಇಬ್ಬರು ಹುಡುಗರು ನುಡಿಸುತ್ತಿದ್ದರು, ಒಬ್ಬ ಹುಡುಗಿ ಹಾಡುತ್ತಿದ್ದಳು. ಬಾಗಿಲ ಹಿಂದೆ ನೇತುಬಿದ್ದ ಕೊಡೆಯೊಂದರ ಮೇಲೆ ಅವರದೊಂದು ಹಾಡಿತ್ತು. ಕೊಡೆ ಇದೆ, ಹಿಡಿದು ಹೋಗುವವರು ಬರುವುದಿಲ್ಲ, ಅಷ್ಟೇ ಹಾಡು. “ನಮ್ಮೂರಾಗ ಕೊಡಿ ಹಿಡಿಯೋದು ಬಿಸಲಿಗೆ. ಆದ್ರೂ ಇದನ್ನ ಕೇಳಿದ್ರ ಎದಿ ತಣ್ಣಗಾಕೈತಿ ನೋಡ್ರಿ” ಎನ್ನುತ್ತಿದ್ದಳು. ಆ ಹಾಡನ್ನು ಅವರು ಸಭೆಗಳಲ್ಲಿ ಹಾಡಿದ್ದರೇ ಹೊರತು ಯಾವ ಆಲ್ಬಮ್ಮಿಗೂ ಹಾಕಿರಲಿಲ್ಲ. ಆಲ್ಬಮ್ಮಿನಲ್ಲಿ ಬಂದರೆ ದಿನಾ ಅಂಗಡಿಯಲ್ಲಿ ಕೇಳಬಹುದು ಎಂಬುದು ಅವಳ ಆಸೆ.

ಅಷ್ಟರಲ್ಲಿ ಕೊಟ್ರಮ್ಮನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಹುಬ್ಬಳ್ಳಿಗೆ ಹಾಡಿಗೆ ಹೋಗುತ್ತಿದ್ದ ಬಸ್ಸಿನಲ್ಲೇ ಔಷಧಕ್ಕೂ ಹೋಗಿಬರತೊಡಗಿದೆವು. ತೋಳು ಸೊರಗಿ, ತಾನೇ ಕತ್ತರಿಸಿದ ಬಟ್ಟೆಯ ಜಂಪರು ಅವಳ ಮೈಮೇಲೆಯೇ ಜೋತಾಡತೊಡಗಿತು. ಹೀಗೆ ಹೋದ ಒಂದು ದಿನವೇ ಆ ಮೂವರ ಕಾರ್ಯಕ್ರಮವಿತ್ತು. ಜನರ ಮುಂದೆ ಹಾಡಿದ್ದನ್ನೇ ಹಿಡಿದು ಆಲ್ಬಮ್ ಮಾಡುತ್ತಾರಂತೆ, ಕೊಡೆಯ ಹಾಡೂ ಇದೆಯಂತೆ. ಯಾರೂ ಉಸಿರೆತ್ತಬಾರದು ಎಂದು ಮೊದಲೇ ಹೇಳಿದರು. ನಾನು ಅವಳ ಕಿವಿಯಲ್ಲಿ ಮತ್ತೊಮ್ಮೆ ಹೇಳಿದೆ. “ಗೊತ್ತಾತು ಬಿಡ್ರಿ, ನಾನೇನು ಕೂಸೇನು?” ಎಂದಳು.

ಕೊಡೆಯ ಹಾಡಿನಲ್ಲಿ ಒಂದು ಜಾಗವಿದೆ. ವಾದ್ಯಗಳೆಲ್ಲ ನಿಂತು ಹುಡುಗಿಯ ದನಿ ಒಂದೇ ಉಳಿಯುತ್ತದೆ. ಅಲ್ಲಿ ಕೊಟ್ರಮ್ಮ ಎದ್ದಳು. ನಾನು ಸೆರಗು ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ, ಮೆತ್ತಗೆ ಬಿಡಿಸಿ ಮುಂದೆ ಹೋದಳು. ಅಪ್ಪನ ಗಂಟಲು ಅಷ್ಟರಲ್ಲಿ ಹೋಗಿಬಿಟ್ಟಿತ್ತು. ಆದರೂ ಊರು, ಹೆಸರು, ಆಯೇರಿ, ವಂದನೆ ಒಂದನ್ನೂ ಬಿಡದೆ ಕೂಗಿದಳು. ಮೋಡದ ಬಣ್ಣದ ಜಂಪರ್ ಪೀಸು. ಹುಡುಗಿ ಅದನ್ನು ಎದೆಗೊತ್ತಿಕೊಂಡು ಅವಳ ಕಾಲು ಮುಟ್ಟಿದಳು. ಹಾಡನ್ನು ಮತ್ತೆ ಹಾಡಿದರು. ಆದರೆ ಹುಡುಗಿಗೆ ಅಳು ಬಂದಿತ್ತು, ದನಿ ನಡುಗುತ್ತಿತ್ತು. ಹೊರಗೆ ಬರುವಾಗ, ಕಿವಿಗೆ ಹೆಡ್‌ಫೋನ್ ಹಾಕಿ ರೆಕಾರ್ಡ್ ಮಾಡುತ್ತಿದ್ದವನು ಪಕ್ಕದವನಿಗೆ, “ಆ ಹಾಡು ಹೋಯ್ತು, ಬಿಡು” ಎಂದ. ಅದು ನನಗೆ ಕೇಳಿಸಿತು. ಕೊಟ್ರಮ್ಮನಿಗೂ ಕೇಳಿಸಿತು.

ಬಸ್ಸು ಗದಗು ದಾಟಿತು. ಆಮೇಲೆ, “ನಾ ಕೆಡಿಸಿದ್ನೇನ್ರಿ?” ಎಂದಳು.

“ಮುಂದಿನ ಸಲ ಕೊಟ್ಟಿದ್ರೆ ಆಗ್ತಿತ್ತು ಕೊಟ್ರಮ್ಮ” ಎಂದುಬಿಟ್ಟೆ.

“ನನಗ ಮುಂದಿನ ಸಲ ಐತೇನ್ರಿ?” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಆಮೇಲಿನ ತಿಂಗಳುಗಳಲ್ಲಿ ರೋಗಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಆ ಹಾಡು. ಶಾಲೆ ಬಿಟ್ಟು ನಾನು ಅಂಗಡಿಗೆ ಹೋದ ಕೂಡಲೇ “ಬಂತೇನು ನೋಡ್ರಿ” ಎನ್ನುತ್ತಿದ್ದಳು. ಆಲ್ಬಮ್ ಬಂದಿರುತ್ತಿರಲಿಲ್ಲ. ಕೊನೆಕೊನೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದಳು. ಸ್ಪೀಕರು ತಲೆದಿಂಬಿನ ಹತ್ತಿರ ಬಂತು. ಕೊನೆಯ ಸಲ ನೋಡಿದಾಗ ನನ್ನ ಕೈ ಹಿಡಿದು, “ಆ ಹುಡುಗಿ ಹಾಡು ನನ್ನಿಂದ ಕೆಟ್ಟಿದ್ರ ಅದು ನನ್ನ ಸಂಗಾಟ ಬರತೈತ್ರಿ” ಎಂದಳು. ಕೆಟ್ಟಿರುವುದಿಲ್ಲ ಎಂದೆ. “ಸಮಾಧಾನಕ್ಕ ಹೇಳಬ್ಯಾಡ್ರಿ. ಬಂದ ಮ್ಯಾಲೆ ಕೇಳಿ, ಖರೇ ಹೇಳ್ರಿ. ನಡುವ ಹಾರಸಬ್ಯಾಡ್ರಿ ಮತ್ತ.” ಆಗಲಿ ಎಂದೆ. ಯುಗಾದಿ ಇನ್ನೂ ಮುಂದಿತ್ತು, ಕೊಟ್ರಮ್ಮ ಹೋದಳು.

ಆಲ್ಬಮ್ ಬಂದದ್ದು ಕಾರಹುಣ್ಣಿಮೆ ಕಳೆದ ಮೇಲೆ. ಅಡುಗೆಮನೆಯಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮೊದಲಿನಿಂದ ಕೇಳಿದೆ. ಕೊಡೆಯ ಹಾಡು ಕೊನೆಯಲ್ಲಿತ್ತು. ಎರಡನೆಯ ಸಲ ಹಾಡಿದ್ದನ್ನೇ ಇಟ್ಟಿದ್ದರು. ಹುಡುಗಿಯ ದನಿ ನಡುಗುತ್ತಿತ್ತು. ಆ ನಡುಕದಿಂದಲೇ ಹಾಡು ಎಂದೂ ಕೇಳದಷ್ಟು ಚೆನ್ನಾಗಿತ್ತು. ಕೆಟ್ಟಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆದರೆ ನಾನು ಕಾದಿದ್ದದ್ದು ಬೇರೆಯದಕ್ಕೆ. ಎಲ್ಲಾದರೂ ಒಂದು ಕೆಮ್ಮು, ಒಂದು ಬಳೆಯ ಸದ್ದು ಉಳಿದಿದ್ದೀತೆಂದು ಮತ್ತೆ ಮತ್ತೆ ಕೇಳಿದೆ. ಏನೂ ಇರಲಿಲ್ಲ. ಒಲೆಯ ಮುಂದೆ ಕೂತು ಅತ್ತೆ.

ಖರೆಯನ್ನು ಯಾರಿಗಾದರೂ ಹೇಳಬೇಕಿತ್ತು. ಅಂಗಡಿಗೆ ಹೋದೆ. ವೀರೇಶ ಯಾರಿಗೋ ಬಟ್ಟೆ ಅಳೆಯುತ್ತಿದ್ದ. ಅವಳು ಹೋದ ಮೇಲೆ ಆ ಸ್ಪೀಕರು ಹಾಡಿರಲಿಲ್ಲ.

“ಆ ಹಾಡು ಬಂದೈತಿ, ವೀರೇಶಣ್ಣ. ಕೆಟ್ಟಿಲ್ಲ. ಬಾಳ ಚೆನ್ನಾಗೈತಿ” ಎಂದೆ.

ಅವನು ಕತ್ತರಿಯನ್ನು ಬಟ್ಟೆಯ ಅಂಚಿಗೆ ಇಟ್ಟವನು ನಿಂತ. “ಆಕಿ ದನಿ ಐತೇನ್ರಿ ಅದರಾಗ?”

“ಇಲ್ಲ.”

“ಹೌದೇನ್ರಿ” ಎಂದು ಬಟ್ಟೆ ಕತ್ತರಿಸಿದ.

ಈಗಲೂ ಮನೆಯಲ್ಲಿ ಒಬ್ಬಳೇ ಇದ್ದಾಗ ಆ ಆಲ್ಬಮ್ ಹಾಕುತ್ತೇನೆ. ಪಡಸಾಲೆಯಿಂದ ಹೊರಟು, ಏನನ್ನೂ ಹಾರಿಸದೆ, ಕೊಡೆಯ ಹಾಡಿಗೆ ಬರುತ್ತೇನೆ. ವಾದ್ಯಗಳು ನಿಂತು ಹುಡುಗಿಯ ದನಿ ಒಂದೇ ಉಳಿಯುವ ಜಾಗದಲ್ಲಿ ಎದ್ದು ನಿಲ್ಲುತ್ತೇನೆ. ಅಂದು ಸೆರಗು ಹಿಡಿದು ಎಳೆದವಳು ಈಗ ಪಕ್ಕದ ಮನೆಗೂ ಕೇಳುವಂತೆ ಕೂಗುತ್ತೇನೆ: “ಕೊಟ್ಟೂರು ಮ್ಯಾಚಿಂಗ್ ಸೆಂಟರ್ ಕೊಟ್ರಮ್ಮ ಇವರು, ಈ ಕಲಾವಿದರ ಹಾಡಿಗೆ ಮೆಚ್ಚಿ, ಒಂದು ಜಂಪರ್ ಪೀಸು ಆಯೇರಿ ಮಾಡ್ಯಾರ.”

ಹುಡುಗಿ ಹಾಡು ನಿಲ್ಲಿಸುವುದಿಲ್ಲ.